ಹಾವಿನ ವಿಷಯದಲ್ಲಿ ಯಾರ ಮಾತು ನಂಬುವುದು?

ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನತ್ತ ಹೊರಟರೆ ಸುಮಾರು 50 ಕಿಲೋಮೀಟರಿಗೆ ಕಣಕುಂಬಿ ಸಿಗುತ್ತದೆ. ಮಲಪ್ರಭೆ ಹುಟ್ಟುವ ಊರು ಇದು. ಸವದತ್ತಿ, ರಾಮದುರ್ಗದ ಕಡೆಯ ರೈತರು ಕನಸಿನಲ್ಲಿಯೂ ಕಾಣದಷ್ಟು ಮಳೆ ಇದೇ ಜಿಲ್ಲೆಯ ಈ ಮೂಲೆಯಲ್ಲಿ ಬೀಳುತ್ತದೆ. ಮೃಗಶಿರಾ ಮಳೆ ಹಿಡಿಯಿತೆಂದರೆ ಹಿತ್ತಲಿಗೂ ಕಾಡಿಗೂ ಅಂತರ ಉಳಿಯುವುದಿಲ್ಲ. ಕಪ್ಪೆ ಬರುತ್ತದೆ, ಕಪ್ಪೆಯ ಹಿಂದೆ ಹಾವು ಬರುತ್ತದೆ. ಹಾವಿನ ಹಿಂದೆ ಬರುವುದು ಸಲಹೆ.

ಕಾಡಂಚಿನ ಯಾವ ಊರಿನಲ್ಲಾದರೂ ಈ ದೃಶ್ಯ ನೋಡಬಹುದು. ಕಟ್ಟಿಗೆ ರಾಶಿಯ ಸಂದಿಯಲ್ಲಿ ಒಂದು ಹಾವು ಸುರುಳಿ ಸುತ್ತಿ ಕುಳಿತಿದೆ. 'ಹೊಡೀರಿ' ಎನ್ನುವವನು ಒಬ್ಬ. 'ದೇವರ ಹಾವು, ಮುಟ್ಟಬ್ಯಾಡ್ರಿ' ಎನ್ನುವ ಅಜ್ಜಿ ಒಬ್ಬಾಕೆ. 'ಅಣ್ಣಾ, ಇದು ಹೆಬ್ಬಾವಿನ ಮರಿ, ಏನೂ ಮಾಡಂಗಿಲ್ಲ' ಎಂದು ಧೈರ್ಯ ಹೇಳುವ ತರುಣ ಮತ್ತೊಬ್ಬ. ಮೊಬೈಲಿನಲ್ಲಿ ಚಿತ್ರ ತೆಗೆದು ಪಟ್ಟಣದ ಪರಿಚಯಸ್ಥರಿಗೆ ಕಳಿಸುವವರೂ ಈಗ ಇದ್ದಾರೆ. ಐದು ನಿಮಿಷದಲ್ಲಿ ಉತ್ತರವೂ ಬರುತ್ತದೆ. ಇವರಲ್ಲಿ ಅತ್ಯಂತ ಅಪಾಯಕಾರಿ ಯಾರೆಂದರೆ, ಬಹುಶಃ ಧೈರ್ಯ ಹೇಳಿದ ತರುಣ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿಯೆಂದು ತಿಳಿದು ಕೈ ಹಾಕಿದವರ ಕಥೆಗಳು ದೇಶದ ಎಲ್ಲ ಭಾಗಗಳಲ್ಲಿಯೂ ಇವೆ. ಎರಡರ ಮೈಮೇಲೂ ಕಂದು ಬಣ್ಣದ ದೊಡ್ಡ ಮಚ್ಚೆಗಳಿವೆ, ಎರಡೂ ದಪ್ಪ, ಎರಡೂ ಆಲಸಿ. ಒಂದಕ್ಕೆ ವಿಷವಿಲ್ಲ. ಇನ್ನೊಂದು ಭಾರತದಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುವ ಹಾವುಗಳ ಸಾಲಿನಲ್ಲಿದೆ.

ಖಾನಾಪುರ ತಾಲೂಕಿನಲ್ಲಿ ಇದರ ಜತೆಗೆ ಹೆಸರಿನ ತೊಡಕೂ ಇದೆ. ಕನ್ನಡದ ಕೊಳಕುಮಂಡಲ ಮರಾಠಿಯಲ್ಲಿ ಘೋಣಸ್. ಕಟ್ಟುಹಾವು ಮಣ್ಯಾರ್. ಗರಗಸ ಮಂಡಲ ಫುರ್ಸೆ. ಕೇರೆ ಹಾವು ಧಾಮಣ್. ಒಂದೇ ಓಣಿಯಲ್ಲಿ ಎರಡು ಮೂರು ಭಾಷೆ ಆಡುವ ಊರುಗಳಲ್ಲಿ ಹಾವಿನ ಹೆಸರು ಬಾಯಿಂದ ಬಾಯಿಗೆ ಹೋಗುವಾಗ ಹಾವೇ ಬದಲಾಗಿಬಿಡುವುದುಂಟು. ಬರೇ 'ಮಂಡಲ' ಎಂದರೆ ಯಾವ ಮಂಡಲ? ಇದು ಕುತೂಹಲದ ಪ್ರಶ್ನೆ ಮಾತ್ರವಲ್ಲ. ಆಸ್ಪತ್ರೆಯ ಬಾಗಿಲಿನಲ್ಲಿ ರೋಗಿಯ ಕಡೆಯವರು ಹೇಳುವ ಮೊದಲ ಮಾತು ಇದೇ ಆಗಿರುತ್ತದೆ.

ಸುಳ್ಳು ಸಲಹೆ ಸಾಯುವುದಿಲ್ಲವೇಕೆ?

ಹಾವಿನ ಬಗೆಗಿನ ತಪ್ಪು ತಿಳಿವಳಿಕೆಯನ್ನು 'ಮೂಢನಂಬಿಕೆ' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಅದು ಶತಮಾನಗಳ ಕಾಲ ಬಾಳಿದ್ದು ಜನ ದಡ್ಡರೆಂಬ ಕಾರಣಕ್ಕಲ್ಲ. ಸುಳ್ಳಿಗೂ ಇಲ್ಲಿ ಸಾಕ್ಷಿ ಸಿಗುತ್ತದೆ ಎಂಬ ಕಾರಣಕ್ಕೆ.

ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಮನುಷ್ಯನಿಗೆ ಅಪಾಯ ತರುವಷ್ಟು ವಿಷವಿರುವವು ಸುಮಾರು 60. ಕಡಲ ಹಾವುಗಳೂ ಅದರಲ್ಲಿ ಸೇರಿವೆ. ಹೀಗಾಗಿ ಕಚ್ಚಿದ ಹಾವು ವಿಷದ್ದಲ್ಲದಿರುವ ಸಾಧ್ಯತೆ ಸಾಕಷ್ಟಿರುತ್ತದೆ. ವಿಷದ ಹಾವೇ ಕಚ್ಚಿದರೂ ಪ್ರತಿ ಸಲ ವಿಷ ಇಳಿಸುವುದಿಲ್ಲ. ಹಲ್ಲು ಮಾತ್ರ ಊರಿ ಬಿಟ್ಟುಬಿಡುವುದುಂಟು. ಇಂಥ ಕಡಿತಕ್ಕೆ ಬೇರು ಅರೆದು ಕುಡಿಸಿದರೂ, ಮಂತ್ರ ಹಾಕಿದರೂ, ಕೋಳಿಯ ಗುದವನ್ನು ಗಾಯಕ್ಕೆ ಒತ್ತಿದರೂ ರೋಗಿ ಎದ್ದು ಕೂಡುತ್ತಾನೆ. ಏನೂ ಮಾಡದಿದ್ದರೂ ಎದ್ದು ಕೂಡುತ್ತಿದ್ದ. ಆದರೆ ಹೆಸರು ಬರುವುದು ಬೇರಿಗೆ. ಸತ್ತರೆ 'ತಡವಾಗಿ ತಂದಿರಿ' ಎಂಬ ಮಾತು ಸಿದ್ಧವಾಗಿದೆ. ಗೆದ್ದರೆ ಮದ್ದಿನ ಮಹಿಮೆ, ಸೋತರೆ ರೋಗಿಯ ಹಣೆಬರಹ. ಇಂಥ ವ್ಯವಸ್ಥೆಯಲ್ಲಿ ಯಾವ ಮದ್ದೂ ಸೋಲಲಾರದು.

ಇದನ್ನು ಪರೀಕ್ಷೆಗೆ ಒಡ್ಡಬೇಕೆಂದು ಹೊರಟವರಲ್ಲಿ ಮೊದಲಿಗ ಪ್ಯಾಟ್ರಿಕ್ ರಸೆಲ್. ಈಸ್ಟ್ ಇಂಡಿಯಾ ಕಂಪನಿಯಲ್ಲಿ ನಿಸರ್ಗ ವಿಜ್ಞಾನಿಯಾಗಿದ್ದ ಈ ವೈದ್ಯ ವಿಶಾಖಪಟ್ಟಣದಲ್ಲಿದ್ದು ಕೋರಮಂಡಲ ತೀರದ ಹಾವುಗಳನ್ನು ಅಭ್ಯಸಿಸಿದ. ಆತನ ಗ್ರಂಥದ ಮೊದಲ ಸಂಪುಟ 1796ರಲ್ಲಿ ಪ್ರಕಟವಾಯಿತು. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಆತನ ಹೆಸರೇ ಇದೆ. ಆ ಕಾಲದಲ್ಲಿ ಹಾವಿನ ಕಡಿತಕ್ಕೆ 'ತಂಜಾವೂರು ಗುಳಿಗೆ' ರಾಮಬಾಣವೆಂದು ಪ್ರಸಿದ್ಧವಾಗಿತ್ತು. ಐರೋಪ್ಯ ಅಧಿಕಾರಿಗಳೂ ಅದನ್ನು ನಂಬಿದ್ದರು. ಅದರಲ್ಲಿ ಪಾಷಾಣವೂ ಇತ್ತು. ರಸೆಲ್ ನಾಯಿ ಮತ್ತು ಕೋಳಿಗಳಿಗೆ ಹಾವು ಕಚ್ಚಿಸಿ, ಗುಳಿಗೆ ಕೊಟ್ಟು, ಏನಾಗುತ್ತದೆಂದು ಬರೆದಿಟ್ಟ. ಗುಳಿಗೆಗೆ ಅದು ಗಳಿಸಿದ್ದ ಹೆಸರಿನಷ್ಟು ಶಕ್ತಿ ಇರಲಿಲ್ಲ.

ಮುಂದೆ ಕಲ್ಕತ್ತೆಯಲ್ಲಿ ಜೋಸೆಫ್ ಫೇರರ್ ಇದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ. 1872ರಲ್ಲಿ ಬಂದ ಆತನ ಬೃಹತ್ ಗ್ರಂಥದ ಬಣ್ಣದ ಚಿತ್ರಗಳನ್ನು ಬರೆದವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯ ಭಾರತೀಯ ವಿದ್ಯಾರ್ಥಿಗಳು. ಜನ ತಂದುಕೊಟ್ಟ ಮದ್ದುಗಳನ್ನು ಒಂದೊಂದಾಗಿ ಪರೀಕ್ಷಿಸಿ ನಿರುಪಯುಕ್ತವೆಂದು ಆತ ತೋರಿಸಿದ. ವಿಚಿತ್ರವೆಂದರೆ ಅದೇ ಫೇರರ್ ಮುಪ್ಪಿನಲ್ಲಿ ತಾನೂ ಒಂದು ಮದ್ದಿಗೆ ಮರುಳಾದ. 1904ರಲ್ಲಿ ಲಾಡರ್ ಬ್ರಂಟನ್, ಲಿಯೊನಾರ್ಡ್ ರೋಜರ್ಸ್ ಮತ್ತು ಫೇರರ್ ಸೇರಿ ಪ್ರಕಟಿಸಿದ ಪ್ರಬಂಧದಲ್ಲಿ ಕಡಿತದ ಜಾಗವನ್ನು ಕೊಯ್ದು ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು ತುಂಬಬೇಕೆಂಬ ಸಲಹೆ ಇತ್ತು. ಅದಕ್ಕಾಗಿಯೇ ಒಂದು ಪುಟ್ಟ ಚೂರಿ ತಯಾರಾಯಿತು. ಒಂದು ತುದಿಯಲ್ಲಿ ಅಲಗು, ಇನ್ನೊಂದರಲ್ಲಿ ಹರಳು ತುಂಬುವ ಗೂಡು. ಪ್ರಯೋಗಶಾಲೆಯ ಬಟ್ಟಲಿನಲ್ಲಿ ಪರ್ಮಾಂಗನೇಟ್ ವಿಷವನ್ನು ಕೆಡಿಸುವುದು ನಿಜ. ಆದರೆ ಮೈಯೊಳಗೆ ಹರಡಿದ ವಿಷವನ್ನು ಅದು ಬೆನ್ನಟ್ಟಿ ಹೋಗಲಾರದು, ಗಾಯವನ್ನು ಮಾತ್ರ ಸುಟ್ಟು ಹಾಳು ಮಾಡುತ್ತದೆ. ಇದು ಸ್ಪಷ್ಟವಾದ ಮೇಲೂ ದಶಕಗಳ ಕಾಲ ಆ ಕೆಂಪು ಹರಳು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಉಳಿಯಿತು. 'ಕೊಯ್ಯಿರಿ, ಹೀರಿರಿ, ಬಿಗಿಯಾಗಿ ಕಟ್ಟಿರಿ' ಎಂಬ ಪಾಠ ಶಾಲೆಯಲ್ಲಿ ಕಲಿತವರು ಈಗಲೂ ನಮ್ಮ ನಡುವೆ ಇದ್ದಾರೆ. ಈ ಮೂರನ್ನೂ ಮಾಡಬಾರದೆಂಬುದು ಇಂದಿನ ವೈದ್ಯಕೀಯ ನಿಲುವು. ಹಳ್ಳಿಯ ಗಾರುಡಿಗನ ತಪ್ಪನ್ನು ಎಣಿಸುವಾಗ ಪುಸ್ತಕದಿಂದ ಬಂದ ಈ ತಪ್ಪನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಹವ್ಯಾಸಿಗಳ ಪತ್ರ ವ್ಯವಹಾರ

1883ರ ಸೆಪ್ಟೆಂಬರ್ 15ರಂದು ಎಂಟು ಮಂದಿ ಹವ್ಯಾಸಿಗಳು ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದರು. ಅವರಲ್ಲಿ ಡಾ. ಆತ್ಮಾರಾಮ ಪಾಂಡುರಂಗ, ಡಾ. ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯ ವೈದ್ಯರಿದ್ದರು. ಸುಂಕದ ಇಲಾಖೆಯಲ್ಲಿದ್ದ, ಉತ್ತರ ಕನ್ನಡದ ಪರಿಚಯ ಚೆನ್ನಾಗಿದ್ದ ಇ. ಎಚ್. ಐಟ್ಕೆನ್ ಇದ್ದ. ಮದ್ಯದ ವ್ಯಾಪಾರಿ ಎಚ್. ಎಂ. ಫಿಪ್ಸನ್ ತನ್ನ ಅಂಗಡಿಯಲ್ಲಿಯೇ ಸಂಘಕ್ಕೆ ಜಾಗ ಕೊಟ್ಟ. 1886ರಿಂದ ಸಂಘದ ಪತ್ರಿಕೆ ಹೊರಡತೊಡಗಿತು. ಕಾರವಾರದಿಂದ 1894ರಲ್ಲಿ ಬಂದ ಒಂದು ಮಂಗಟ್ಟೆ ಹಕ್ಕಿಯ ಮರಿ 'ವಿಲಿಯಂ' ಎಂಬ ಹೆಸರಿನಿಂದ ಈ ಕಚೇರಿಯಲ್ಲಿ 1920ರವರೆಗೆ ಬಾಳಿತು. ಸಂಘದ ಲಾಂಛನದಲ್ಲಿರುವುದು ಅದೇ ಹಕ್ಕಿ.

ಅರಣ್ಯಾಧಿಕಾರಿ, ಸೈನಿಕ, ಕಾಫಿ ತೋಟದ ಯಜಮಾನ, ರೈಲ್ವೆ ಎಂಜಿನಿಯರ್ ಇಂಥವರು ತಾವು ಕಂಡದ್ದನ್ನು ಪತ್ರ ಬರೆದು ಕಳಿಸುತ್ತಿದ್ದರು. ಬಹುಪಾಲು ಯಾರೂ ಪ್ರಾಣಿಶಾಸ್ತ್ರ ಓದಿದವರಲ್ಲ. ಒಬ್ಬ ಬರೆದುದಕ್ಕೆ ಇನ್ನೊಬ್ಬ ಮುಂದಿನ ಸಂಚಿಕೆಯಲ್ಲಿ ಆಕ್ಷೇಪ ಎತ್ತಬಹುದಿತ್ತು. ಬೆಳಗಾವಿಗೆ ತಾಗಿದ ಕಾಡುಗಳ ಹಾವುಗಳ ಬಗ್ಗೆ ನಮಗೆ ಸಿಗುವ ಹಳೆಯ ದಾಖಲೆಗಳಲ್ಲಿ ಒಂದು ಹೀಗೆ ಬಂದದ್ದು. ಜಿ. ಡಬ್ಲ್ಯು. ವಿಡಾಲ್ ಎಂಬ ಸಿವಿಲ್ ಅಧಿಕಾರಿ 1890ರಲ್ಲಿ ಉತ್ತರ ಕನ್ನಡದ ವಿಷದ ಹಾವುಗಳ ಪಟ್ಟಿಯನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸಿದ. ಯಾವ ಹಾವು ಎಷ್ಟಿದೆ, ಸಾವಿನ ಲೆಕ್ಕದಲ್ಲಿ ಯಾವುದರ ಪಾಲು ಎಷ್ಟು ಎಂದು ವಿಚಾರಿಸುವ ಯತ್ನ ಅದು. ಆ ಕಾಲದಲ್ಲಿ ಸರ್ಕಾರಕ್ಕೆ ಹಾವೆಂದರೆ ಬಹುಮಾನ ಕೊಟ್ಟು ಕೊಲ್ಲಿಸುವ ವಸ್ತು ಮಾತ್ರ. ಪಕ್ಕದ ರತ್ನಾಗಿರಿ ಜಿಲ್ಲೆಯಲ್ಲಿ ಆರು ವರ್ಷಗಳ ಅವಧಿಯಲ್ಲಿ ವರ್ಷಕ್ಕೆ ಸರಾಸರಿ 2,25,721 ಫುರ್ಸೆಗಳನ್ನು ಬಹುಮಾನಕ್ಕಾಗಿ ತಂದೊಪ್ಪಿಸಲಾಯಿತು ಎಂದು ಮಾಲ್ಕಂ ಸ್ಮಿತ್ 1943ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಅಷ್ಟು ಕೊಂದ ಮೇಲೂ ಫುರ್ಸೆ ಮುಗಿಯಲಿಲ್ಲ, ಕೊಂಕಣದಲ್ಲಿ ಇಂದಿಗೂ ಇದೆ.

ಈ ಪತ್ರ ವ್ಯವಹಾರಕ್ಕೆ ಶಿಸ್ತು ತಂದವನು ಫ್ರಾಂಕ್ ವಾಲ್. 1868ರಲ್ಲಿ ಸಿಲೋನಿನಲ್ಲಿ ಹುಟ್ಟಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ ವೈದ್ಯ. 1905ರಿಂದ 1919ರವರೆಗೆ ಸೊಸೈಟಿಯ ಪತ್ರಿಕೆಯಲ್ಲಿ ಭಾರತದ ಸಾಮಾನ್ಯ ಹಾವುಗಳ ಬಗ್ಗೆ ಲೇಖನಮಾಲೆ ಬರೆದ. ಒಂದೊಂದು ಹಾವಿಗೂ ಒಂದು ಬಣ್ಣದ ಚಿತ್ರ, ಅದರ ಆಹಾರ, ಮೊಟ್ಟೆ, ಸ್ವಭಾವ, ಊರೂರಿನ ಹೆಸರುಗಳು. ಜನ ಆತನಿಗೆ ಹಾವುಗಳನ್ನು ಸ್ಪಿರಿಟ್ ತುಂಬಿದ ಸೀಸೆಯಲ್ಲಿ ಹಾಕಿ ಕಳಿಸುತ್ತಿದ್ದರು. ವಿಷದ ಹಾವುಗಳನ್ನು ಗುರುತಿಸುವ ಬಗೆಯನ್ನು ತಿಳಿಸುವ ಆತನ ಚಿಕ್ಕ ಪುಸ್ತಕ 1928ರ ಹೊತ್ತಿಗೆ ನಾಲ್ಕು ಮುದ್ರಣ ಕಂಡಿತು.

ವಾಲ್ ಹಾಕಿಕೊಟ್ಟ ದಾರಿ ಸರಳ. ಬಣ್ಣ ನೋಡಬೇಡಿ, ಹುರುಪೆ ಎಣಿಸಿ. ಬೆನ್ನಿನ ನಡುಸಾಲಿನ ಹುರುಪೆಗಳು ಉಳಿದವಕ್ಕಿಂತ ದೊಡ್ಡವಾಗಿ ಆರು ಮೂಲೆಯವಾಗಿದ್ದರೆ ಅದು ಕಟ್ಟುಹಾವು. ಮೇಲ್ದುಟಿಯ ಮೂರನೆಯ ಹುರುಪೆ ಒಂದು ಕಡೆ ಕಣ್ಣಿಗೂ ಇನ್ನೊಂದು ಕಡೆ ಮೂಗಿನ ಹುರುಪೆಗೂ ತಾಗಿದ್ದರೆ ಅದು ನಾಗರದ ಬಳಗ. ಮನೆಯ ಗೋಡೆ ಹತ್ತುವ ಬಡಪಾಯಿ ತೋಳದ ಹಾವನ್ನು ಕಟ್ಟುಹಾವೆಂದು ಜನ ಬಡಿಯುತ್ತಾರೆ. ಅದಕ್ಕಿಂತ ಕೆಟ್ಟದ್ದು, ಕಟ್ಟುಹಾವನ್ನು ತೋಳದ ಹಾವೆಂದು ತಿಳಿದು ಕೈಯಲ್ಲಿ ಹಿಡಿಯುವುದು. ಎರಡಕ್ಕೂ ಮೈಮೇಲೆ ಬಿಳಿಯ ಪಟ್ಟೆಗಳಿವೆ. ಬೆನ್ನಿನ ಹುರುಪೆ ಮಾತ್ರ ಬೇರೆ. ಸತ್ತ ಹಾವಿನಲ್ಲಿ ಇದನ್ನು ಯಾರು ಬೇಕಾದರೂ ನೋಡಿ ತಾಳೆ ಹಾಕಬಹುದು. ಹೇಳಿದವನು ಮೇಜರೋ ಕರ್ನಲೋ ಎಂಬುದು ಮುಖ್ಯವಾಗಲಿಲ್ಲ. ಕೇಳಿದವನ ಕೈಯಲ್ಲಿಯೇ ಪುರಾವೆ ಇತ್ತು. (ಜೀವಂತ ಹಾವಿನ ಹುರುಪೆ ಎಣಿಸಲು ಹೋಗುವುದು ಬೇರೆ ಮಾತು. ಅದನ್ನು ಯಾರೂ ಮಾಡಬಾರದು.)

ಸ್ವಾತಂತ್ರ್ಯದ ನಂತರ ಈ ಕೆಲಸ ಮುಂಬಯಿಯ ಹಾಫ್ಕಿನ್ ಸಂಸ್ಥೆಯ ಪಿ. ಜೆ. ದೇವರಸ್, ಮದ್ರಾಸಿನಲ್ಲಿ ಹಾವಿನ ಉದ್ಯಾನ ಕಟ್ಟಿದ ರೊಮುಲಸ್ ವಿಟೇಕರ್ ಮೊದಲಾದವರಿಂದ ಸಾಮಾನ್ಯ ಓದುಗರವರೆಗೆ ಬಂತು. ದೇವರಸ್ ಅವರ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1965ರಲ್ಲಿ ತಂದಿತು. 1978ರಲ್ಲಿ ವಿಟೇಕರ್ ನೆರವಿನಿಂದ ಇರುಳರ ಸಹಕಾರ ಸಂಘ ಹುಟ್ಟಿತು. ತಲೆತಲಾಂತರದಿಂದ ಹಾವು ಹಿಡಿದು ಚರ್ಮ ಮಾರುತ್ತಿದ್ದ ಇರುಳರು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕಸುಬು ಕಳೆದುಕೊಂಡು ಕುಳಿತಿದ್ದರು. ಸಂಘದ ಮೂಲಕ ಅವರು ಪ್ರತಿವಿಷ ತಯಾರಿಸಲು ಬೇಕಾದ ವಿಷವನ್ನು ತೆಗೆದುಕೊಡುವವರಾದರು. ಓದು ಬರಹವಿಲ್ಲದ ಜನರ ತಿಳಿವಳಿಕೆಗೆ ವಿಜ್ಞಾನದ ಮನೆಯಲ್ಲಿ ಗೌರವದ ಜಾಗ ಸಿಕ್ಕ ಅಪರೂಪದ ಉದಾಹರಣೆ ಇದು.

ಹಾಲಿನ ಬಟ್ಟಲು, ಗಾಜಿನ ಪೆಟ್ಟಿಗೆ

ಹಾವನ್ನು ಸಾಕುವ ವಿಷಯದಲ್ಲಿ ಸಲಹೆಯ ಕಥೆ ಇನ್ನೂ ಗೋಜಲು. ಕಲ್ಲಿನ ನಾಗನಿಗೆ ಹಾಲೆರೆದು ದಿಟದ ನಾಗನನ್ನು ಕೊಲ್ಲುವ ವಿಪರ್ಯಾಸವನ್ನು ಬಸವಣ್ಣ ಹನ್ನೆರಡನೆಯ ಶತಮಾನದಲ್ಲಿಯೇ ಎತ್ತಿ ತೋರಿಸಿದ್ದಾನೆ. ದಿಟದ ನಾಗನಿಗೆ ಹಾಲು ಕುಡಿಸುವುದೂ ಕೊಲ್ಲುವುದಕ್ಕೆ ಹತ್ತಿರದ ಕೆಲಸವೇ. ಹಾವಿಗೆ ಹಾಲು ಜೀರ್ಣವಾಗುವುದಿಲ್ಲ. ಆದರೂ ನಾಗರಪಂಚಮಿಯ ದಿನ ಹಾವಾಡಿಗನ ಬುಟ್ಟಿಯ ಹಾವು ಹಾಲು ಕುಡಿಯುವುದನ್ನು ಕಣ್ಣಾರೆ ಕಂಡವರಿದ್ದಾರಲ್ಲ? ಕಂಡದ್ದು ಸುಳ್ಳಲ್ಲ. ದಿನಗಟ್ಟಲೆ ನೀರಿಲ್ಲದೆ ಬಾಯಾರಿದ ಹಾವು ಎದುರಿಗಿಟ್ಟ ಯಾವ ದ್ರವವನ್ನಾದರೂ ಕುಡಿಯುತ್ತದೆ. ಅದು ಮುಂದೆ ಸಾಯುವಾಗ ನೋಡಲು ಭಕ್ತರು ಅಲ್ಲಿರುವುದಿಲ್ಲ.

ಗಡಿಯಾಚೆ, ಸಾಂಗಲಿ ಜಿಲ್ಲೆಯ ಶಿರಾಳಾದ ಪಂಚಮಿ ಬೇರೆ ಬಗೆಯದು. ಊರಿನ ಜನ ಹಬ್ಬಕ್ಕೆ ಮೊದಲು ನಾಗರಗಳನ್ನು ಹಿಡಿದು ಮಣ್ಣಿನ ಮಡಕೆಗಳಲ್ಲಿ ಸಾಕಿ, ಮೆರವಣಿಗೆ ಮಾಡಿ, ಹಬ್ಬ ಮುಗಿದ ಮೇಲೆ ಮರಳಿ ಕಾಡಿಗೆ ಬಿಡುತ್ತಿದ್ದರು. ಎಲ್ಲಿ ಹಿಡಿಯಬೇಕು, ಏನು ತಿನ್ನಿಸಬೇಕು ಎಂಬುದು ಮನೆತನದಿಂದ ಮನೆತನಕ್ಕೆ ಇಳಿದು ಬಂದ ವಿದ್ಯೆ. ಹಿಡಿಯುವುದು ಕಾಯ್ದೆಗೆ ವಿರುದ್ಧ, ಹಾವುಗಳಿಗೆ ಹಿಂಸೆ ಎಂದು ಪ್ರಾಣಿಪ್ರಿಯರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಈ ಶತಮಾನದಲ್ಲಿ ಬಾಂಬೆ ಹೈಕೋರ್ಟಿನ ಆದೇಶಗಳಿಂದ ಆ ಮೆರವಣಿಗೆಗೆ ತಡೆ ಬಿತ್ತು. 'ನಾವು ಹಾವನ್ನು ಕೊಲ್ಲುವವರಲ್ಲ, ಪೂಜಿಸುವವರು' ಎಂಬ ಶಿರಾಳಾದವರ ನೋವು ಇನ್ನೂ ಆರಿಲ್ಲ.

ಈಗ ಪಟ್ಟಣಗಳಲ್ಲಿ ಇನ್ನೊಂದು ಬಗೆಯ ಸಾಕಣೆ ಶುರುವಾಗಿದೆ. ಆಫ್ರಿಕದ ಬಾಲ್ ಪೈಥಾನ್, ಅಮೆರಿಕದ ಇಗ್ವಾನಾ, ಕೆಂಪು ಕಿವಿಯ ಆಮೆ ಬೆಂಗಳೂರಿನ ಮನೆಗಳ ಗಾಜಿನ ಪೆಟ್ಟಿಗೆಗೆ ಬಂದಿವೆ. ನಮ್ಮ ನಕ್ಷತ್ರ ಆಮೆಯನ್ನು ಕಾನೂನು ಮುರಿದು ಸಾಕುವವರೂ ಇದ್ದಾರೆ. ಸರೀಸೃಪಗಳಿಗೆ ಚಿಕಿತ್ಸೆ ಬಲ್ಲ ಪಶುವೈದ್ಯರು ವಿರಳ. ಆದ್ದರಿಂದ ಸಾಕುವವರು ಕೇಳುವುದು ತಮಗಿಂತ ಎರಡು ವರ್ಷ ಮೊದಲು ಸಾಕಿದವರನ್ನು.

ಇಲ್ಲಿಯೂ ಹಳೆಯ ತೊಡಕೇ ಎದುರಾಗುತ್ತದೆ. ಸರೀಸೃಪದ ದೇಹ ನಿಧಾನವಾಗಿ ನಡೆಯುವ ಯಂತ್ರ. ಹೆಬ್ಬಾವು ತಿಂಗಳುಗಟ್ಟಲೆ ತಿನ್ನದೆ ಇರಬಲ್ಲದು. ತಪ್ಪು ಆರೈಕೆಯ ಫಲ ಕಾಣುವುದು ಎಷ್ಟೋ ತಿಂಗಳ ನಂತರ. ಆಮೆ ಮತ್ತು ಇಗ್ವಾನಾಗಳ ಮೂಳೆ ಗಟ್ಟಿಯಾಗಲು ಸುಣ್ಣದ ಅಂಶದ ಜತೆಗೆ ಬಿಸಿಲಿನ ಅತಿನೇರಳೆ ಕಿರಣ ಬೇಕು. ಅದಿಲ್ಲದೆ ಡಿ ಜೀವಸತ್ವ ತಯಾರಾಗದು. 'ಕಿಟಕಿಯ ಗಾಜಿನ ಹತ್ತಿರ ಬಿಸಿಲು ಬೀಳುವಂತೆ ಇಡಿ, ಸಾಕು' ಎಂಬುದು ಕೇಳಲು ಎಷ್ಟು ಸಮಂಜಸ! ಆದರೆ ಬೇಕಾದ ಆ ಕಿರಣವನ್ನೇ ಕಿಟಕಿಯ ಗಾಜು ತಡೆದುಬಿಡುತ್ತದೆ. ಬೆಳಕು ಬರುತ್ತದೆ, ಶಾಖ ಬರುತ್ತದೆ, ಬೇಕಾದದ್ದು ಬರುವುದಿಲ್ಲ. ಪ್ರಾಣಿ ತಿನ್ನುತ್ತಾ ಓಡಾಡುತ್ತಾ ಇರುತ್ತದೆ. ಸಲಹೆ ಕೊಟ್ಟವನು ಮೆಚ್ಚುಗೆ ಪಡೆದು ಮುಂದೆ ಹೋಗಿರುತ್ತಾನೆ. ಚಿಪ್ಪು ಮೆತ್ತಗಾದಾಗ, ಕಾಲು ಸೊಟ್ಟಗಾದಾಗ ಯಾರೂ ಆತನ ಹೆಸರು ನೆನೆಯುವುದಿಲ್ಲ. ಸರ್ಕಾರ 2022ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಇಂಥ ವಿದೇಶಿ ಪ್ರಾಣಿಗಳ ನೋಂದಣಿಯನ್ನು ಕಡ್ಡಾಯ ಮಾಡಿತು, 2024ರಲ್ಲಿ ಅದಕ್ಕೆ ನಿಯಮಗಳು ಬಂದವು. ಪ್ರಾಣಿ ಯಾರ ಬಳಿ ಇದೆಯೆಂಬುದು ಇದರಿಂದ ತಿಳಿಯುತ್ತದೆ, ಹೇಗೆ ಬದುಕಿದೆಯೆಂಬುದು ತಿಳಿಯುವುದಿಲ್ಲ.

ಗೂನು ಮೂಗಿನ ಮಂಡಲ

ಮತ್ತೆ ಕಣಕುಂಬಿಯ ಕಾಡಿಗೆ ಬರಬಹುದು. ಇಲ್ಲಿನ ಪೊದೆಗಳಲ್ಲಿ ಮಳೆಗಾಲದ ರಾತ್ರಿ ಕಾಣುವ ಮಲಬಾರ್ ಗುಳಿಮಂಡಲ ಹಸಿರಾಗಿರಬಹುದು, ಕಂದಾಗಿರಬಹುದು, ಹಳದಿಯಾಗಿಯೂ ಇರಬಹುದು. ಜಾತಿ ಒಂದೇ. ಬಣ್ಣ ನೋಡಿ ಹೆಸರು ಹೇಳುವವರಿಗೆ ಇದು ಒಳ್ಳೆಯ ಪಾಠ. ಪಶ್ಚಿಮ ಕರಾವಳಿಯ ಈ ಪಟ್ಟಿಯಿಂದ ಒಂದು ಹೊಸ ಹವಳದ ಹಾವನ್ನು ವಿಜ್ಞಾನಿಗಳು ಹೆಸರಿಸಿದ್ದು 2012ರಷ್ಟು ಈಚೆಗೆ. ಎಂದರೆ ಬಲ್ಲವರ ಪಟ್ಟಿಯೂ ಪೂರ್ತಿಯಾಗಿರಲಿಲ್ಲ.

ಇದಕ್ಕಿಂತ ಚಿಂತೆಗೆ ಕಾರಣವಾದದ್ದು ಘಟ್ಟದ ನೆಲದ ಮೇಲೆ ಒಣಗಿದ ಎಲೆಗಳ ನಡುವೆ ಮಲಗುವ ಗೂನು ಮೂಗಿನ ಮಂಡಲ. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಈ ಕಂದು ಹಾವು ಸಾಯಿಸುವಂಥದ್ದಲ್ಲ ಎಂಬ ಭಾವನೆ ಬಹಳ ಕಾಲ ಇತ್ತು. 2007ರಲ್ಲಿ ಕೊಚ್ಚಿಯ ವೈದ್ಯರು ಮತ್ತು ಅವರ ಸಂಗಡಿಗರು ಪ್ರಕಟಿಸಿದ ವರದಿ ಅದನ್ನು ಅಲುಗಿಸಿತು. ಇದರ ಕಡಿತದಿಂದ ರಕ್ತ ಹೆಪ್ಪುಗಟ್ಟದೆ, ಮೂತ್ರಪಿಂಡ ಕೆಟ್ಟು ಜೀವಕ್ಕೆ ಅಪಾಯ ಬಂದ ಪ್ರಕರಣಗಳು ಅದರಲ್ಲಿದ್ದವು. ಹಾವನ್ನು ಗರಗಸ ಮಂಡಲವೆಂದು ತಪ್ಪಾಗಿ ಗುರುತಿಸಿ ಪ್ರತಿವಿಷ ಕೊಟ್ಟದ್ದೂ ಉಂಟು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ತಯಾರಾದದ್ದು. ಗೂನು ಮೂಗಿನ ಮಂಡಲಕ್ಕೆ ಅದು ನಾಟುವುದಿಲ್ಲ. ಬಾಟಲಿಯ ಮೇಲೆ ಬಾಟಲಿ ಏರಿಸಿದರೂ ಪ್ರಯೋಜನವಿಲ್ಲ, ಮದ್ದಿನ ಅಲರ್ಜಿಯ ಅಪಾಯ ಮಾತ್ರ ಹೆಚ್ಚುತ್ತದೆ. ಅದೇ ನಾಲ್ಕು ಹಾವುಗಳ ವಿಷವೂ ಪ್ರಾಂತದಿಂದ ಪ್ರಾಂತಕ್ಕೆ ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ತೋರಿಸಿದ್ದಾರೆ. ಪ್ರತಿವಿಷಕ್ಕೆ ಬೇಕಾದ ವಿಷ ಹೆಚ್ಚಾಗಿ ಬರುವುದು ತಮಿಳುನಾಡಿನಿಂದ.

2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತದ ಪ್ರಕರಣಗಳನ್ನು ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಮಾರ್ಚಿನಲ್ಲಿ ಬಂದ ಕೇಂದ್ರದ ಕಾರ್ಯಯೋಜನೆಯ ಗುರಿ 2030ರ ಹೊತ್ತಿಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವುದು.

ಈಗಿನ ಚಿಕಿತ್ಸಾ ಕ್ರಮದಲ್ಲಿ ವೈದ್ಯರು ಹಾವಿನ ಹೆಸರಿಗಾಗಿ ಕಾಯುವುದಿಲ್ಲ. ಹಾವನ್ನು ಹೊಡೆದು ತರಬೇಕೆಂದೂ, ಹುಡುಕಿ ಚಿತ್ರ ತೆಗೆಯಬೇಕೆಂದೂ ಇಲ್ಲ. ರೆಪ್ಪೆ ಜೋತು ಬಿದ್ದಿದೆಯೇ, ಉಸಿರು ಕಟ್ಟುತ್ತಿದೆಯೇ, ಒಸಡಿನಲ್ಲಿ ರಕ್ತ ಬರುತ್ತಿದೆಯೇ ಎಂದು ರೋಗಿಯನ್ನು ನೋಡುತ್ತಾರೆ. ಜತೆಗೆ ಎರಡು ಮೂರು ಮಿಲಿಲೀಟರ್ ರಕ್ತವನ್ನು ಗಾಜಿನ ಕೊಳವೆಯಲ್ಲಿ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ಒಮ್ಮೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ ಎಂದು ಲೆಕ್ಕ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಮಾಡಬಹುದಾದ ಪರೀಕ್ಷೆ ಇದು, ಯಂತ್ರ ಬೇಡ, ವಿದ್ಯುತ್ ಬೇಡ. ಕೊಳವೆ ಮಾತ್ರ ಹೊಸದಾಗಿ ಒಣಗಿರಬೇಕು, ಪ್ಲಾಸ್ಟಿಕ್ಕಿನದಾಗಿರಬಾರದು. ಸೋಪಿನ ಪುಡಿ ಹಾಕಿ ತೊಳೆದ ಕೊಳವೆಯಲ್ಲಿ ಆರೋಗ್ಯವಂತನ ರಕ್ತವೂ ಹೆಪ್ಪುಗಟ್ಟದೆ ಹಾಗೆಯೇ ಉಳಿಯಬಹುದು.